ದೊಡ್ಡಕ್ಕನ ಬಾಯಿ, ಚಿಕ್ಕಕ್ಕನ ಕೈ

ಚಿಕ್ಕಕ್ಕ ಅದೇ ಸನ್ನೆಯನ್ನು ಮತ್ತೆ ಮಾಡಿದಳು. ಎಡಗೈಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ, ಬಲ ಅಂಗೈಯಿಂದ ಅದನ್ನು ಬಡಿದು, ಆಮೇಲೆ ಎರಡೂ ಕೈಗಳನ್ನು ಕೊರಳ ಹತ್ತಿರ ತಂದು ಬೆರಳುಗಳನ್ನು ಥಟ್ಟನೆ ಬಿಡಿಸಿದಳು. ಬಿಡಿಸಿ, ಹುಬ್ಬೇರಿಸಿ, ಈಗಲಾದರೂ ತಲೆಗೆ ಹೋಯಿತೇ ಎನ್ನುವಂತೆ ನೋಡಿದಳು.

ಎದುರು ಕೂತಿದ್ದ ಸಂಶೋಧಕಿ, ಬೇರೆ ಮನೆಯ ಮೊಮ್ಮಗಳು, ಬಲಕ್ಕೆ ತಿರುಗಿದಳು. ಅಭ್ಯಾಸ. ಎರಡು ವರ್ಷದಿಂದ ಈ ಕೈಗಳು ಆಡಿದಾಗಲೆಲ್ಲ ಅವಳ ಕತ್ತು ತಾನಾಗಿ ಬಲಕ್ಕೆ ತಿರುಗುತ್ತಿತ್ತು, ಅಲ್ಲಿ ದೊಡ್ಡಕ್ಕ ಕೂತಿರುತ್ತಿದ್ದಳು, ಅರ್ಥ ಅಲ್ಲಿಂದ ಬರುತ್ತಿತ್ತು. ಈಗ ಆ ಕುರ್ಚಿಯ ಮೇಲೆ ಒಗೆದು ತಂದ ಬಟ್ಟೆಗಳ ರಾಶಿ. ಏನಂತೆ, ಎಂದು ಬಟ್ಟೆಗಳನ್ನು ಕೇಳುವುದೊಂದು ಬಾಕಿ.

"ನನ್ನ ಮುಖ ನೋಡಬೇಡಿ ಡಾಕ್ಟರಮ್ಮ," ಎಂದಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ದೊಡ್ಡಕ್ಕನ ಸೊಸೆ. "ಚಿಕ್ಕತ್ತೆ ಭಾಷೇಲಿ ನನಗೆ ಬರೋದು ಊಟ, ಸ್ನಾನ, ಮಾತ್ರೆ, ಮಲಕ್ಕೋ. ಮಿಕ್ಕಿದ್ದೆಲ್ಲ ನಮ್ಮತ್ತೆ ಡಿಪಾರ್ಟ್‌ಮೆಂಟು."

"ನಾನಿನ್ನೂ ಡಾಕ್ಟರ್ ಆಗಿಲ್ಲ."

"ಆಗೋ ಹೊತ್ತಿಗೆ ನಾವೂ ಇರ್ತೀವೋ ಇಲ್ವೋ. ಈಗ್ಲೇ ಕರೆದುಬಿಡೋಣ ಅಂತ."

ದೊಡ್ಡಕ್ಕ ಸತ್ತು ಇನ್ನೂ ಬಹಳ ದಿನ ಆಗಿರಲಿಲ್ಲ. ಪಕ್ಕದ ಮನೆಯವಳಿಗೆ ಯಾವುದೋ ಕಥೆ ಹೇಳುತ್ತ ಹೇಳುತ್ತ, ಅರ್ಧಕ್ಕೇ ನಿಲ್ಲಿಸಿ, ಗೋಡೆ ಹಿಡಿದು ಕೂತವಳು ಏಳಲಿಲ್ಲ. ಬದುಕಿನಲ್ಲಿ ಅವಳು ಅರ್ಧಕ್ಕೆ ಬಿಟ್ಟದ್ದು ಅದೊಂದೇ ಕಥೆ ಎಂದು ಬೀದಿಯವರು ನಗುತ್ತ, ಕಣ್ಣೊರೆಸಿಕೊಳ್ಳುತ್ತ ಹೇಳಿದ್ದರು.

ಮೊಮ್ಮಗಳು ಇವತ್ತು ಕೇಳಲು ಬಂದದ್ದು ಚಿಕ್ಕ ವಿಷಯ. ಅವಳ ಪಿಎಚ್‌ಡಿ ಪ್ರಬಂಧ ಓದಿದ ಹೊರಗಿನ ಪರೀಕ್ಷಕರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಗೀಚಿದ್ದರು: ಸುಟ್ಟ ಕಾರ್ಖಾನೆಯ ಮಹಡಿಯ ಬಾಗಿಲು ಒಳಕ್ಕೆ ತೆರೆಯುತ್ತಿತ್ತೇ, ಹೊರಕ್ಕೇ? ಸಾಕ್ಷಿಯನ್ನು ಕೇಳಿ ಒಂದು ಸಾಲು ಸೇರಿಸಿ. ಅಷ್ಟೇ. ಅವಳು ಬಾಗಿಲನ್ನು ತೋರಿಸಿ, ಒಳಕ್ಕೆ ತಳ್ಳಿ, ಹೊರಕ್ಕೆ ಎಳೆದು, ಹುಬ್ಬೇರಿಸಿ ಕೇಳಿದ್ದಳು. ಉತ್ತರವಾಗಿ ಬಂದದ್ದು ಈ ಗೋಡೆ, ಈ ಬಡಿತ, ಈ ಬಿಡಿಸಿದ ಬೆರಳು.

ಸಾಕ್ಷಿ ಎದುರಿಗೇ ಕೂತಿದ್ದಳು. ಜೀವಂತವಾಗಿ, ಬೆಚ್ಚಗೆ, ಉತ್ತರ ಕೊಡುತ್ತ. ಒಂದಕ್ಷರ ಅರ್ಥವಾಗಲಿಲ್ಲ.

ನಡೆದದ್ದು ಇಷ್ಟು, ಅಥವಾ ನಡೆಯಿತೆಂದು ಬರೆದಿಟ್ಟದ್ದು ಇಷ್ಟು. ಮೊಮ್ಮಗಳ ಅಪ್ಪ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಊರಿನ ಗುಂಡಿ ಕಾರ್ಖಾನೆಗೆ ಬೆಂಕಿ ಬಿತ್ತು. ಅಂಗಿಯ ಗುಂಡಿ, ಕೋಟಿನ ಗುಂಡಿ, ಮಕ್ಕಳ ಫ್ರಾಕಿಗೆ ಹಚ್ಚುವ ಹೂವಿನಂಥ ಗುಂಡಿ. ನೋಡಲು ಮುದ್ದಾದ ಆ ಸರಕು ಕಿಡಿ ಕಂಡರೆ ಸಾಕು, ಧಗ್ಗನೆ ಏಳುವಂಥದ್ದು. ಮಹಡಿಯಲ್ಲಿ ಹೆಣ್ಣುಮಕ್ಕಳು ಗುಂಡಿ ವಿಂಗಡಿಸುತ್ತಿದ್ದರು. ಅವರು ಗುಂಡಿ ಕದ್ದು ಮಡಿಲಿಗೆ ಹಾಕಿಕೊಂಡು ಹೋಗದಂತೆ ಮಹಡಿಯ ಬಾಗಿಲಿಗೆ ಬೀಗ ಇರುತ್ತಿತ್ತು, ಬೀಗದ ಕೈ ಮೇಲ್ವಿಚಾರಣೆಯ ಮೇಸ್ತ್ರಿಯ ಸೊಂಟದಲ್ಲಿ ಇರುತ್ತಿತ್ತು. ಆವತ್ತು ಮಹಡಿಯಿಂದ ಜೀವ ಹಿಡಿದುಕೊಂಡು ಬಂದವರು ಇಬ್ಬರೇ: ಆ ಮೇಸ್ತ್ರಿ, ಮತ್ತು ಗುಂಡಿ ವಿಂಗಡಿಸುವವರಲ್ಲೇ ಚಿಕ್ಕವಳಾದ ಒಬ್ಬ ಕಿವುಡಿ ಹುಡುಗಿ. ಹುಡುಗಿ ಈ ಚಿಕ್ಕಕ್ಕ. ಮೇಸ್ತ್ರಿ, ಮೊಮ್ಮಗಳ ಅಜ್ಜಿ.

ಅಜ್ಜಿ ಬದುಕಿ ಬಂದದ್ದೇ ಅವಳ ಅಪರಾಧವಾಯಿತು. ಮೇಸ್ತ್ರಿ ಹೊರಗಿನಿಂದ ಬೀಗ ಜಡಿದು ಓಡಿದಳು, ಕಿವುಡಿ ಕಿಟಕಿಯಿಂದ ಹಾರಿದಳು ಎಂದು ವಿಚಾರಣೆಯ ವರದಿ ಬರೆಯಿತು. ಪತ್ರಿಕೆ ಬರೆಯಿತು. ಊರಿನ ಇತಿಹಾಸದ ದಪ್ಪ ಪುಸ್ತಕ ಬರೆಯಿತು. ಕೊನೆಗೆ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಮೇಲೂ ಕೊರೆದರು.

ಮೊಮ್ಮಗಳು ಆ ದಾರಿಯಲ್ಲಿ ಹಿಂದಕ್ಕೆ ನಡೆದಿದ್ದಳು. ಕಲ್ಲು ಪುಸ್ತಕದಿಂದ ಎತ್ತಿಕೊಂಡಿತ್ತು, ಪುಸ್ತಕ ಪತ್ರಿಕೆಯಿಂದ, ಪತ್ರಿಕೆ ವರದಿಯಿಂದ. ವರದಿ ಬರೆದ ಅಧಿಕಾರಿ ಮಹಡಿಗೆ ಹತ್ತಿರಲೇ ಇಲ್ಲ, ಹತ್ತಲು ಮೆಟ್ಟಿಲು ಉಳಿದಿರಲಿಲ್ಲ. ಅವನು ಮಾಲೀಕರ ಗುಮಾಸ್ತನನ್ನು ಕೇಳಿ ಬರೆದಿದ್ದ, ಆ ಗುಮಾಸ್ತ ಆವತ್ತು ಹಲ್ಲುನೋವೆಂದು ಮನೆಯಲ್ಲಿ ಮಲಗಿದ್ದ. ನಾಲ್ಕು ಸಾಕ್ಷಿಗಳೆಂದು ಊರು ನಂಬಿದ್ದು ಒಂದೇ ಗಾಳಿಮಾತು, ನಾಲ್ಕು ಸಲ ಅಂಗಿ ಬದಲಿಸಿಕೊಂಡು ಬಂದದ್ದು. ಮತ್ತು ಮಹಡಿಯಲ್ಲಿ ಇದ್ದು ಬಂದ ಹುಡುಗಿಯ ಬಗ್ಗೆ ವರದಿಯಲ್ಲಿ ಒಂದೇ ಸಾಲು: ಕಿವುಡಿ, ಹೇಳಿಕೆ ಪಡೆಯಲಾಗಿಲ್ಲ.

"ಹಾಲು ಕರೆದವಳು ಪ್ರಾಥಮಿಕ ಆಕರ," ಎಂದು ಅವಳ ಮಾರ್ಗದರ್ಶಕರಾದ ಪ್ರೊಫೆಸರು ಮೊದಲ ವರ್ಷದ ತರಗತಿಯಲ್ಲಿ ಹೇಳುತ್ತಿದ್ದರು. "ಅವಳ ಬಾಯಿಂದ ಕೇಳಿ ಬರೆದವನು ದ್ವಿತೀಯಕ. ಹಾಲಿನ ಬಗ್ಗೆ ಭಾಷಣ ಮಾಡಿ ಸಂಬಳ ತಗೊಳ್ಳೋನು ನಾನು." ತರಗತಿ ನಗುತ್ತಿತ್ತು. ಮೊಮ್ಮಗಳು ನಗದೆ ಬರೆದುಕೊಂಡಿದ್ದಳು. ಹಾಲು ಕರೆದವಳು ಇನ್ನೂ ಬದುಕಿದ್ದಾಳೆಂದು ಗೊತ್ತಾದ ದಿನ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ತಪ್ಪಾದದ್ದು ಮೊದಲ ದಿನ, ಹೊಸ್ತಿಲಲ್ಲೇ. ದೊಡ್ಡಕ್ಕ ಬಾಗಿಲು ತೆಗೆದು, ಅಡಿಯಿಂದ ಮುಡಿಯವರೆಗೆ ನೋಡಿ, "ಯಾರ ಮನೆ ಹುಡುಗಿಯಮ್ಮಾ ನೀನು?" ಎಂದಿದ್ದಳು. ಹಾಗೆ ಕೇಳಿದವರಿಗೆ ಸಂಶೋಧನೆಯ ನಿಯಮ ಹೇಳಿ ಬಾಯಿ ಮುಚ್ಚಿಕೊಳ್ಳಲು ಯಾರಿಂದ ಆಗುತ್ತದೆ? ಅವಳು ಹೇಳಿಬಿಟ್ಟಳು: ಮೇಸ್ತ್ರಿಯ ಮೊಮ್ಮಗಳು. ದೊಡ್ಡಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಕಂದಾ," ಎಂದಳು. ಒಳಗೆ ಕರೆದು ಕೂರಿಸಿ, ತಲೆ ನೇವರಿಸಿ, ಚಹಾ ಮಾಡಿಕೊಟ್ಟು, ಆಮೇಲೆ ತಂಗಿಯನ್ನು ಕರೆದಳು.

ಆಮೇಲೆ ಕಥೆ ಹರಿಯಿತು. ಚಿಕ್ಕಕ್ಕನ ಕೈ ಆಡುತ್ತಿತ್ತು, ದೊಡ್ಡಕ್ಕನ ಬಾಯಿ ಹೇಳುತ್ತಿತ್ತು. "ಮೇಸ್ತ್ರಮ್ಮ ಬಾಗಿಲು ತೆಗೆದು ಅದಕ್ಕೇ ಬೆನ್ನು ಕೊಟ್ಟು ನಿಂತ್ಕೊಂಡ್ರು, ಅಂತಾಳೆ ಇವಳು. ಎರಡೂ ಕೈ ಚಾಚಿ ಹೊಗೇಲಿ ತಡಕಾಡಿದ್ರು, ಕೈಗೆ ಸಿಕ್ಕಿದ್ದು ನನ್ನ ಜಡೆ, ಅಂತಾಳೆ. ಜಡೆ ಹಿಡಿದು ಎಳೆದು ಮೆಟ್ಟಿಲಿಗೆ ದಬ್ಬಿ, ಮತ್ತೆ ಒಳಗೆ ಹೋದ್ರು. ಇನ್ನೊಬ್ರು ಸಿಗ್ತಾರೇನೋ ಅಂತ. ಯಾರೂ ಸಿಗ್ಲಿಲ್ಲ, ಅಂತಾಳೆ ಇವಳು."

ಮೊಮ್ಮಗಳು ಎಲ್ಲವನ್ನೂ ವಿಡಿಯೋ ಮಾಡಿಕೊಂಡಳು. ಬೆರಳಚ್ಚು ಮಾಡುವಾಗ ಪ್ರತಿ ಸಾಲಿಗೂ ನೇತುಹಾಕಿಕೊಂಡು ಬರುತ್ತಿದ್ದ ಆ 'ಅಂತಾಳೆ ಇವಳು' ಕಿರಿಕಿರಿಯಾಗಿ, ಓದಲು ಸಲೀಸಾಗಲೆಂದು ಎಲ್ಲ ಕಡೆಯೂ ತೆಗೆದುಹಾಕಿದಳು. ಮೇಲೆ 'ಪ್ರತ್ಯಕ್ಷ ಸಾಕ್ಷಿಯ ಹೇಳಿಕೆ' ಎಂದು ಬರೆದಳು.

ಅದನ್ನು ಅವಳು ಮೊದಲು ಓದಿ ಹೇಳಿದ್ದು ಅಪ್ಪನಿಗೆ. ಅಪ್ಪನಿಗೆ ಬೀದಿಯಲ್ಲಿ ಬೀಗಣ್ಣ ಎಂದು ಹೆಸರು. ಸಣ್ಣವನಿದ್ದಾಗ ಅವನು 'ಬೀಗದವಳ ಮಗ'. ಬೆಳೆದಂತೆ ಆ ಬೈಗುಳ ಸವೆದು 'ಬೀಗ' ಆಯಿತು, ಮೀಸೆ ಬಂದ ಮೇಲೆ ಮರ್ಯಾದೆಗೊಂದು 'ಅಣ್ಣ' ಸೇರಿತು. ಬೀದಿಗೆ ಹೊಸದಾಗಿ ಬಂದವರು ಹೆಸರು ಕೇಳಿ ಇವನು ಬೀಗ ರಿಪೇರಿ ಮಾಡುವವನಿರಬೇಕೆಂದು ಕೆಟ್ಟ ಬೀಗಗಳನ್ನು ಹಿಡಿದುಕೊಂಡು ಬರತೊಡಗಿದರು. ಮೊದಮೊದಲು ಬೈದು ಕಳಿಸಿದ. ಆಮೇಲೆ ಒಂದು ಸ್ಕ್ರೂಡ್ರೈವರ್ ಕೊಂಡ. ಈಗ ಬಸ್ ನಿಲ್ದಾಣದ ಹಿಂದೆ ಅವನದೇ ಅಂಗಡಿ, ಗೋಡೆ ತುಂಬ ಬೀಗದ ಕೈಗಳ ಗೊಂಚಲು. ಬೀಗಣ್ಣ ಎಂಬ ಹೆಸರು ಕಸುಬಿನಿಂದ ಬಂತೆಂದೇ ಇವತ್ತಿನವರೆಲ್ಲರ ನಂಬಿಕೆ.

ಮಗಳು ಓದುವುದನ್ನು ಅಪ್ಪ ಕೊನೆಯವರೆಗೂ ಕೇಳಿದ. ಮಾರನೆಯ ದಿನ ಪೆಟ್ಟಿಗೆಯ ತಳದಿಂದ ತಾಯಿಯ ಫೋಟೋ ತೆಗೆದು, ಕಟ್ಟು ಹಾಕಿಸಿ, ಬೀಗದ ಕೈಗಳ ನಡುವೆ ನೇತುಹಾಕಿದ. ನಕಲಿ ಕೈ ಮಾಡಿಸಲು ಬಂದವರಿಗೆ, ಕೇಳದಿದ್ದರೂ, ಹೇಳತೊಡಗಿದ: "ನಮ್ಮಮ್ಮ. ಬೆಂಕಿಯೊಳಗೆ ವಾಪಸ್ ಹೋದೋಳು."

ಈಗ ಚಿಕ್ಕಕ್ಕನ ಮನೆಯಿಂದ ಬರಿಗೈಯಲ್ಲಿ ಬಂದ ಮೊಮ್ಮಗಳಿಗೆ ಒಂದು ಉಪಾಯ ಹೊಳೆಯಿತು. ಗೋಡೆ, ಬಡಿತ, ಬಿಡಿಸಿದ ಬೆರಳು: ಈ ಸನ್ನೆ ಹಳೆಯ ವಿಡಿಯೋಗಳಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ. ಅಲ್ಲಿ ದೊಡ್ಡಕ್ಕ ಏನು ಹೇಳಿದ್ದಾಳೋ ಅದೇ ಅರ್ಥ. ಸತ್ತವಳನ್ನು ಶಬ್ದಕೋಶ ಮಾಡಿಕೊಂಡರಾಯಿತು. ಗ್ರಂಥಾಲಯದ ಮೂಲೆಯ ಮೇಜಿನಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅವಳು ಮೊದಲಿನಿಂದ ನೋಡತೊಡಗಿದಳು.

ಸನ್ನೆ ಸಿಕ್ಕಿತು. ದೊಡ್ಡಕ್ಕ ಹೇಳಿದ್ದಳು: ಮೇಸ್ತ್ರಮ್ಮ ಬಾಗಿಲು ತೆಗೆದ್ರು. ಮೊಮ್ಮಗಳು ಗೆಲುವಿನಿಂದ ಮುಂದಕ್ಕೆ ಹೋದಳು. ಮತ್ತೆ ಸಿಕ್ಕಿತು. ಅಲ್ಲಿ ದೊಡ್ಡಕ್ಕ ಹೇಳಿದ್ದಳು: ಕೆಳಗೆ ಜನ ಸೇರಿದ್ರು. ಇನ್ನೊಂದು ದಿನದ ವಿಡಿಯೋದಲ್ಲಿ ಅದೇ ಗೋಡೆ, ಅದೇ ಬಡಿತ, ಅದೇ ಬೆರಳು. ದೊಡ್ಡಕ್ಕ ಕಣ್ಣೊರೆಸಿಕೊಂಡು ಹೇಳಿದ್ದಳು: ಆ ಪುಣ್ಯಾತ್ಗಿತ್ತಿ ಇಲ್ದಿದ್ರೆ ನಾನಿರ್ತಿರ್ಲಿಲ್ಲ, ಅಂತಾಳೆ ಇವಳು.

ಅವಳು ಹೆಡ್‌ಫೋನ್ ತೆಗೆದಿಟ್ಟು, ಮಾತು ಕೇಳದೆ, ಬರೀ ಕೈಗಳನ್ನು ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ. ಇಷ್ಟು ದಿನ ಅವಳು ಕಣ್ಣನ್ನು ಕ್ಯಾಮೆರಾಕ್ಕೆ ಬಿಟ್ಟು ಕಿವಿಯಿಂದ ಮಾತ್ರ ಕೆಲಸ ಮಾಡಿದ್ದಳು. ಈಗ ಕಾಣಿಸಿತು. ಕೈ ಒಂದು ಚಿಟಿಕೆ ಆಡಿದಾಗ ದೊಡ್ಡಕ್ಕನ ತುಟಿ ನಿಲ್ಲದೆ ಓಡುತ್ತಿತ್ತು. ಒಂದು ಕಡೆ ಚಿಕ್ಕಕ್ಕ ಬಾಗಿ ಕಾಲಿನ ಹಿಮ್ಮಡಿ ಕೆರೆದುಕೊಳ್ಳುತ್ತಿದ್ದಳು, ಎರಡೂ ಕೈ ಅಲ್ಲೇ ಇದ್ದವು. ಪಕ್ಕದಲ್ಲಿ ದೊಡ್ಡಕ್ಕನ ಬಾಯಿ ಆಗಲೇ ಶುರುವಾಗಿತ್ತು. ಮೊಮ್ಮಗಳು ಹೆಡ್‌ಫೋನ್ ಕಿವಿಗಿಟ್ಟು ಕೇಳಿದಳು. "ಆಗ ಮೇಸ್ತ್ರಮ್ಮ ತಿರುಗಿ ಒಳಗೆ ಹೋದ್ರು..." ಇಡೀ ಪ್ರಬಂಧ ನಿಂತಿದ್ದ ಸಾಲು. ಅಪ್ಪನ ಅಂಗಡಿಯಲ್ಲಿ ಅಜ್ಜಿಯ ಫೋಟೋ ನೇತಾಡುತ್ತಿದ್ದ ಮೊಳೆ. ಕೈ ಏಳುವ ಮೊದಲೇ ಮಾತು ಎದ್ದಿತ್ತು.

ಅದಕ್ಕಿಂತ ಕೆಟ್ಟದ್ದು ಕೊನೆಯ ದಿನದ ವಿಡಿಯೋದಲ್ಲಿತ್ತು. ಚಿಕ್ಕಕ್ಕ ಎದ್ದು ನಿಂತಿದ್ದಳು. ಅವಳ ಕೈಗಳು ಎತ್ತಿದವು, ಎಳೆದವು, ಬಡಿದವು, ತಮ್ಮನ್ನು ತಾವೇ ಹಿಡಿದುಕೊಂಡವು, ಮುಖವೆಲ್ಲ ಬೆವರು. ನಿಲ್ಲಿಸಲೇ ಇಲ್ಲ. ಅಷ್ಟು ಹೊತ್ತೂ ದೊಡ್ಡಕ್ಕ ನೆಲ ನೋಡುತ್ತ ಕೂತಿದ್ದಳು. ತಂಗಿ ಕೂತ ಮೇಲೆ ಕ್ಯಾಮೆರಾದ ಕಡೆ ತಿರುಗಿ, "ತುಂಬಾ ಹೊಗೆ ಇತ್ತಂತೆ," ಎಂದಳು.

ಆವತ್ತು ಮೊಮ್ಮಗಳು ಅದನ್ನು ಬರೆದುಕೊಂಡು, ಥ್ಯಾಂಕ್ಸ್ ಹೇಳಿ, ಚಹಾ ಕುಡಿದು ಮನೆಗೆ ಹೋಗಿದ್ದಳು.

ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಮಾಡುವ ಒಬ್ಬಾಕೆಯನ್ನು ಮಕ್ಕಳು ಸನ್ನೆ ಟೀಚರ್ ಎನ್ನುತ್ತಿದ್ದರು. ಮೊಮ್ಮಗಳು ಲ್ಯಾಪ್‌ಟಾಪ್ ಹೊತ್ತುಕೊಂಡು ಅಲ್ಲಿಗೆ ಹೋದಳು. ಆಟದ ಬಿಡುವು, ಅಂಗಳದಲ್ಲಿ ಮಕ್ಕಳು ಕೈಯಲ್ಲೇ ಬೈದಾಡಿಕೊಳ್ಳುತ್ತಿದ್ದರು. ಟೀಚರ್ ಆ ಕೊನೆಯ ವಿಡಿಯೋವನ್ನು ಮೂಗು ಪರದೆಗೆ ತಾಗುವಷ್ಟು ಹತ್ತಿರದಿಂದ ನೋಡಿದಳು. ಮತ್ತೆ ಹಾಕಿಸಿ ನೋಡಿದಳು.

"ಇದು ನಮ್ಮ ಶಾಲೇಲಿ ಕಲಿಸೋ ಸನ್ನೆ ಅಲ್ಲ. ಇವರು ಶಾಲೆಗೆ ಹೋಗಿದಾರಾ?"

"ಇಲ್ಲ. ಚಿಕ್ಕವಯಸ್ಸಿಗೇ ಕಾರ್ಖಾನೆ. ಆಮೇಲೆ ಅಕ್ಕನ ಜೊತೆ ಮನೇಲೇ."

"ಹಾಗಾದ್ರೆ ಇದು ಮನೇಲಿ ಹುಟ್ಟಿರೋದು. ಅಕ್ಕ ತಂಗಿ ಸೇರಿ ಮಾಡ್ಕೊಂಡಿರೋದು. ಇಬ್ಬರ ಭಾಷೆ."

"ಅಕ್ಕ ಸತ್ತುಹೋದ್ರು."

ಟೀಚರ್ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. "ಹಾಗಾದ್ರೆ ಒಬ್ಬರ ಭಾಷೆ," ಎಂದಳು. "ಒಬ್ಬರ ಭಾಷೆ ಅಂತ ಒಂದು ಇರಲ್ಲ ಕಣ್ರೀ."

"ನಿಮಗೇನೂ ಗೊತ್ತಾಗ್ತಿಲ್ವಾ? ಸ್ವಲ್ಪನೂ?"

"ಬೆಂಕಿ ಇದೆ. ಬಾಗಿಲೋ ಗೋಡೆಯೋ ಏನೋ ಒಂದಿದೆ. ಒಬ್ಬಳು ದೊಡ್ಡ ಹೆಂಗಸು ಇದಾಳೆ. ಯಾರು ಏನು ಮಾಡಿದ್ರು ಅನ್ನೋದು ಗೊತ್ತಿಲ್ಲ."

"ಊಹೆ ಮಾಡಿ ಹೇಳಿ."

"ಹೇಳಬಹುದು," ಎಂದಳು ಟೀಚರ್. "ನಿಮ್ಮ ಮುಖ ನೋಡಿದ್ರೆ ಏನು ಹೇಳಬೇಕು ಅಂತಾನೂ ಗೊತ್ತಾಗತ್ತೆ. ಆದ್ರೆ ಆಗ ನಾನೂ ಆ ಅಕ್ಕ ಆಗ್ತೀನಿ, ಅಲ್ವಾ?"

ಮೊಮ್ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ಟೀಚರಿಗೆ ಪಾಪ ಅನಿಸಿರಬೇಕು. ವಾರಕ್ಕೊಂದು ದಿನ ಬಂದು ಚಿಕ್ಕಕ್ಕನ ಜೊತೆ ಕೂರುತ್ತೇನೆ, ಊಟ ನೀರಿನಿಂದ ಶುರುಮಾಡಿ ನಿಧಾನವಾಗಿ ಅವಳ ಸನ್ನೆ ಕಲಿಯುತ್ತೇನೆ, ವರ್ಷ ಹಿಡಿದರೂ ಹಿಡಿಯಬಹುದು, ಎಂದಳು. "ಆದ್ರೆ ಅವರು ಒಪ್ಪಬೇಕು. ನನ್ನನ್ನ ಒಪ್ಪಬೇಕು."

ಪ್ರೊಫೆಸರರ ಕೋಣೆಯಲ್ಲಿ ಫೈಲುಗಳು ಕಿಟಕಿಯನ್ನು ಅರ್ಧ ಮುಚ್ಚಿದ್ದವು. ಅವರು ಕಿತ್ತಳೆ ಹಣ್ಣು ಸುಲಿಯುತ್ತ ಎಲ್ಲವನ್ನೂ ಕೇಳಿದರು. ಒಂದು ತೊಳೆ ಅವಳಿಗೂ ಕೊಟ್ಟರು.

"ನೋಡಮ್ಮ, ಅಳೋದಾದ್ರೆ ಅತ್ತು ಮುಗಿಸು, ಆಮೇಲೆ ಮಾತಾಡೋಣ. ಇಲ್ಲಾಂದ್ರೆ ತಿನ್ನು."

"ಅಳ್ತಿಲ್ಲ ಸಾರ್."

"ಒಳ್ಳೇದು. ಈಗ ಕೇಳು. ಆಕರ ಪ್ರಾಥಮಿಕವೋ ದ್ವಿತೀಯಕವೋ ಅನ್ನೋದು ಆಕರದ ಹಣೇಲಿ ಬರೆದಿರಲ್ಲ. ನಿನ್ನ ಪ್ರಶ್ನೆ ಮೇಲೆ ಹೋಗತ್ತೆ. ಮಹಡಿ ಮೇಲೆ ಏನಾಯ್ತು ಅಂತ ಕೇಳಿದ್ರೆ ಆ ಅಕ್ಕ ದ್ವಿತೀಯಕ, ಅದೂ ಕಳಪೆ ದ್ವಿತೀಯಕ. ಆದ್ರೆ ಆ ಬೆಂಕೀನ ಬೀದಿ ಹೇಗೆ ನೆನಪಿಟ್ಟುಕೊಂಡಿದೆ ಅಂತ ಕೇಳು, ಅವಳೇ ಪ್ರಾಥಮಿಕ. ಚಿನ್ನದಂಥ ಪ್ರಾಥಮಿಕ. ಪ್ರಶ್ನೆ ಬದಲಾಯಿಸು. ಶೀರ್ಷಿಕೇಲಿ 'ನೆನಪು' ಅಂತ ಒಂದು ಪದ ಸೇರಿಸು. ಒಂದು ಅಧ್ಯಾಯ ತಿದ್ದಿದ್ರೆ ಮುಗೀತು. ನಮ್ಮ ವಿದ್ಯೇಲಿ ಇರೋ ಒಂದೇ ಇಂದ್ರಜಾಲ ಇದು, ಪುಕ್ಕಟೆ ಹೇಳಿಕೊಡ್ತಿದೀನಿ."

ಅವರು ಹೇಳಿದ್ದು ಸುಳ್ಳಲ್ಲ, ಮೋಸವೂ ಅಲ್ಲ. ಅವಳು ತೊಳೆಯನ್ನು ತಿನ್ನದೆ ಮೇಜಿನ ಮೇಲಿಟ್ಟಳು.

"ನನಗೆ ಇರೋದು ಒಂದೇ ಪ್ರಶ್ನೆ ಸಾರ್. ಬಾಗಿಲಿಗೆ ಬೀಗ ಇತ್ತೋ ಇಲ್ವೋ."

"ಹಾಗಾದ್ರೆ ಗೊತ್ತಿಲ್ಲ ಅಂತ ಬರಿ."

"ಬರೆದ್ರೆ?"

ಪ್ರೊಫೆಸರು ಸಿಪ್ಪೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿದರು. ಈ ಸಲ ತಮಾಷೆ ಮಾಡಲಿಲ್ಲ. "ಆ ಕಲ್ಲು ಅಲ್ಲೇ ನಿಂತಿದೆಯಲ್ಲಮ್ಮ. ನೀನು ಗೊತ್ತಿಲ್ಲ ಅಂತ ಬರೆದ್ರೆ ಜನ ಅದನ್ನ ಹೌದು ಅಂತ ಓದ್ತಾರೆ."

ಬೀಗದ ಅಂಗಡಿಯಲ್ಲಿ ಅಪ್ಪ ಒಂದು ಹಳೆಯ ಬೀಗದ ಹೊಟ್ಟೆ ಬಿಚ್ಚಿ ಕೂತಿದ್ದ. ಮೇಲೆ ಗೋಡೆಯಲ್ಲಿ ಅಜ್ಜಿ ಬಿಗಿದ ತುಟಿಯಲ್ಲಿ ನೋಡುತ್ತಿದ್ದಳು. ಮೊಮ್ಮಗಳು ಸ್ಟೂಲು ಎಳೆದು ಕೂತಳು.

"ಅಪ್ಪಾ, ಅಜ್ಜಿ ನಿನಗೆ ಯಾವತ್ತಾದ್ರೂ ಏನಾದ್ರೂ ಹೇಳಿದ್ರಾ? ಆವತ್ತಿನ ಬಗ್ಗೆ?"

"ನೂರು ಸಲ ಕೇಳಿದೀಯ, ನೂರು ಸಲ ಹೇಳಿದೀನಿ. ಕೇಳಿದ್ರೆ ಎದ್ದುಹೋಗಿ ಪಾತ್ರೆ ಉಜ್ಜೋಳು. ಉಜ್ಜಿದ ಪಾತ್ರೇನೇ ಉಜ್ಜೋಳು. ಯಾಕೀಗ?"

"ಆ ಹೇಳಿಕೆ ಚಿಕ್ಕಕ್ಕನದ್ದಲ್ಲ ಅಂತ ಕಾಣತ್ತೆ."

"ಮತ್ತೆ ಯಾರದ್ದು?"

"ದೊಡ್ಡಕ್ಕನದ್ದು. ಚಿಕ್ಕಕ್ಕ ಏನೋ ಹೇಳ್ತಿದ್ರು, ದೊಡ್ಡಕ್ಕ ಇನ್ನೇನೋ ಹೇಳ್ತಿದ್ರು. ಆ ಜಡೆ, ಅಜ್ಜಿ ವಾಪಸ್ ಹೋಗಿದ್ದು... ನನ್ನ ಮುಖ ನೋಡಿ ಹೇಳಿರಬೇಕು. ನಾನು ಮೊದಲೇ ಹೇಳಿಬಿಟ್ಟಿದ್ದೆ, ಯಾರ ಮೊಮ್ಮಗಳು ಅಂತ."

ಅಪ್ಪನ ಕೈಯ ಸ್ಪ್ರಿಂಗ್ ಜಾರಿ ಎಲ್ಲೋ ಮೇಜಿನಡಿಗೆ ಹಾರಿತು. ಅವನು ಅದನ್ನು ಹುಡುಕಲಿಲ್ಲ.

"ಅಂದ್ರೆ ನಮ್ಮಮ್ಮ ಬೀಗ ಹಾಕಿ ಓಡಿದ್ಲು ಅಂತೀಯಾ?"

"ಹಾಗೆ ಹೇಳ್ತಿಲ್ಲಪ್ಪಾ. ಗೊತ್ತಿಲ್ಲ ಅಂತಿದೀನಿ."

"ಗೊತ್ತಿಲ್ಲ ಅನ್ನೋದನ್ನ ಗೋಡೆಗೆ ಹೇಗೆ ನೇತುಹಾಕ್ಲಿ?"

ಒಬ್ಬ ಗಿರಾಕಿ ಬಂದು ಸೂಟ್‌ಕೇಸಿನ ಬೀಗದ ಕೈ ಕೇಳಿದ. ಅಪ್ಪ ಗೊಂಚಲಿನಿಂದ ಒಂದು ಕಿತ್ತು, ಅರದಿಂದ ಉಜ್ಜಿ, ಹಾಕಿ ನೋಡಿ, ಕೊಟ್ಟು ಕಳಿಸಿದ. ಅಜ್ಜಿಯ ಬಗ್ಗೆ ಆ ಗಿರಾಕಿಗೆ ಏನೂ ಹೇಳಲಿಲ್ಲ.

"ಊರೆಲ್ಲ ಕಣ್ಣು ಮುಚ್ಚಿ ಬರೆದಾಗ ಯಾರೂ ಕೇಳ್ಲಿಲ್ಲ," ಎಂದ. "ಅಮ್ಮ ಸಾಯೋವರೆಗೂ ತಲೆ ತಗ್ಗಿಸಿಕೊಂಡು ಓಡಾಡಿದ್ಲು, ಆಗ್ಲೂ ಯಾರೂ ಕೇಳ್ಲಿಲ್ಲ. ಈಗ ಒಂದೇ ಒಂದು ಒಳ್ಳೆ ಮಾತು ಬಂತು, ಅದನ್ನ ನಮ್ಮನೆ ಮಗಳೇ ಸುಲಿದು ನೋಡಬೇಕಾ?"

"ಅಪ್ಪಾ..."

"ಬದುಕಿದಾಳಲ್ಲ ಆ ಚಿಕ್ಕಕ್ಕ. ಕೈಯಿದೆ, ಕಣ್ಣಿದೆ, ಬುದ್ಧಿ ನೆಟ್ಟಗಿದೆ. ಹೋಗಿ ಕೇಳು. ಇತ್ತೋ ಇಲ್ವೋ, ಎರಡರಲ್ಲಿ ಒಂದು. ಸಣ್ಣ ಮಗುಗೂ ಕೇಳೋಕೆ ಬರತ್ತೆ." ಆಮೇಲೆ, ಬೀಗದೊಳಗೆ ಇಣುಕುತ್ತ, ಸಣ್ಣ ದನಿಯಲ್ಲಿ: "ಏನೇ ಹೇಳಿದ್ರೂ ನನಗೆ ಬಂದು ಹೇಳು. ಏನೇ ಆಗ್ಲಿ."

ರಜೆಯ ಮಧ್ಯಾಹ್ನ ಮೊಮ್ಮಗಳು ಸನ್ನೆ ಟೀಚರನ್ನು ಕರೆದುಕೊಂಡು ಹೋದಳು. ಚಿಕ್ಕಕ್ಕ ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದಳು. ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

"ಮೊನ್ನೆ ನೀವು ಹೋದಾಗಿಂದ ಹೀಗೇ," ಎಂದಳು ಸೊಸೆ. "ಕೈಯೇ ಎತ್ತಲ್ಲ. ಮೊದಲು ಇಬ್ಬರೂ ಸೇರಿದ್ರೆ ಅದೇನು ಜಗಳ, ಅದೇನು ನಗು! ಒಂದು ಸದ್ದಿಲ್ಲ, ಮನೆಯೆಲ್ಲಾ ಗಲಾಟೆ. ನನಗೆ ತಲೆ ಕೆಡೋದು. ನನ್ನ ಬಗ್ಗೆನೇ ಆಡ್ಕೋತಿದಾರೆ ಅಂತ ಗೊತ್ತಾಗೋದು, ಏನು ಅಂತ ಗೊತ್ತಾಗ್ತಿರ್ಲಿಲ್ಲ. ಈಗ ಬೈಯಲಿ ಪರವಾಗಿಲ್ಲ, ಬೈಯೋಕಾದ್ರೂ ಕೈ ಎತ್ತಲಿ ಅನ್ಸತ್ತೆ."

ಟೀಚರ್ ಮಂಚದ ಎದುರು ಮಂಡಿಯೂರಿ ಕೂತು, ತನ್ನನ್ನು ತೋರಿಸಿದಳು, ಚಿಕ್ಕಕ್ಕನ ಕೈಗಳನ್ನು ತೋರಿಸಿದಳು, ಆ ಕೈಗಳಿಂದ ಏನನ್ನೋ ತೆಗೆದುಕೊಂಡು ತನ್ನ ತಲೆಯೊಳಗೆ ಇಟ್ಟುಕೊಳ್ಳುವಂತೆ ಮಾಡಿದಳು. ಚಿಕ್ಕಕ್ಕ ಮರ್ಯಾದೆಗೆ ನೋಡಿದಳು. ಕೈ ಮಡಿಲಲ್ಲೇ ಇತ್ತು.

ಆಗ ಮೊಮ್ಮಗಳು ಫೋನಿನಲ್ಲಿ ಹಳೆಯ ವಿಡಿಯೋ ಹಾಕಿ ಅವಳ ಮುಂದೆ ಹಿಡಿದಳು.

ಚಿಕ್ಕಕ್ಕ ಮುಂದಕ್ಕೆ ಬಾಗಿದಳು. ಪರದೆಯಲ್ಲಿ ಆಡುತ್ತಿದ್ದ ತನ್ನದೇ ಕೈಗಳನ್ನು ಅವಳು ನೋಡಲೇ ಇಲ್ಲ. ನೋಡಿದ್ದು ದೊಡ್ಡಕ್ಕನ ಮುಖವನ್ನು, ಅಲ್ಲಾಡುತ್ತಿದ್ದ ತುಟಿಗಳನ್ನು. ಬೆರಳಿನಿಂದ ಆ ತುಟಿಗಳನ್ನು ಮುಟ್ಟಿದಳು. ಮುಟ್ಟಿದ್ದೇ ವಿಡಿಯೋ ನಿಂತುಹೋಯಿತು. ಬೆಚ್ಚಿ ಕೈ ಹಿಂದೆ ತೆಗೆದಳು. ಮೊಮ್ಮಗಳು ಮತ್ತೆ ನಡೆಸಿದಳು. ಚಿಕ್ಕಕ್ಕ ಈಗ ಅಕ್ಕನ ಬಾಯಿಯನ್ನು ತೋರಿಸಿದಳು, ಮೊಮ್ಮಗಳ ಕಿವಿಯನ್ನು ತೋರಿಸಿದಳು, ಅಂಗೈ ಮೇಲೆ ಮಾಡಿ ಹುಬ್ಬೇರಿಸಿದಳು.

"ಅಕ್ಕ ನಿಮಗೆ ಏನು ಹೇಳಿದ್ರು ಅಂತ ಕೇಳ್ತಿದಾರೆ ಅನ್ಸತ್ತೆ," ಎಂದಳು ಟೀಚರ್. "ಆಣೆ ಮಾಡಿ ಹೇಳಲಾರೆ. ಅನ್ಸತ್ತೆ."

ಮೊಮ್ಮಗಳಿಗೆ ಆ ಕ್ಷಣದವರೆಗೆ ಅದು ಹೊಳೆದಿರಲಿಲ್ಲ. ತನ್ನ ಹೆಸರಿನಲ್ಲಿ ಏನೇನು ಮಾತು ಹೊರಗೆ ಹೋಯಿತೆಂಬುದನ್ನು ಈ ಹೆಂಗಸು ಇಂದಿಗೂ ಕೇಳಿಲ್ಲ. ಕೈ ಎತ್ತಿದ್ದಾಳೆ, ಪಕ್ಕದಲ್ಲಿ ತುಟಿ ಆಡಿದೆ, ಎದುರು ಕೂತ ಹುಡುಗಿ ತಲೆ ತೂಗಿ ಬರೆದುಕೊಂಡಿದ್ದಾಳೆ. ಅಷ್ಟೇ ಅವಳು ಕಂಡದ್ದು.

ಮೊಮ್ಮಗಳು ಎದ್ದಳು. ಬೇರೆ ದಾರಿ ತೋಚದೆ, ಕೋಣೆಯ ಬಾಗಿಲಿಗೆ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಎರಡೂ ಕೈ ಚಾಚಿ ಕಣ್ಣು ಕಿರಿದು ಮಾಡಿ ಹೊಗೆಯಲ್ಲಿ ತಡಕಾಡಿದಳು. ತನ್ನ ಜಡೆಯನ್ನು ತಾನೇ ಹಿಡಿದು ಎಳೆದಳು, ಚಿಕ್ಕಕ್ಕನನ್ನು ಬೆರಳಿಟ್ಟು ತೋರಿಸಿದಳು, ಹೊರಗೆ ದಬ್ಬಿದಳು, ಮತ್ತೆ ಒಳಗೆ ಹೆಜ್ಜೆ ಇಟ್ಟಳು. ಅರ್ಧದಲ್ಲೇ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪ್ರತ್ಯಕ್ಷ ಸಾಕ್ಷಿಯ ಎದುರು ನಿಂತು ಅವಳದೇ ಹೇಳಿಕೆಯನ್ನು ನಾಟಕ ಮಾಡಿ ತೋರಿಸುತ್ತಿದ್ದಾಳೆ. ಹಾಲು ಕರೆದವಳಿಗೆ ಹಾಲಿನ ಭಾಷಣ.

ಚಿಕ್ಕಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಅದು ಕಥೆಯನ್ನು ಮೊದಲ ಸಲ ಕೇಳುತ್ತಿರುವವರ ಮುಖ. ಅಥವಾ ಕೆಟ್ಟ ನಟನೆಯೊಂದು ಅರ್ಥವಾಗದೆ ಕೂತವರ ಮುಖ. ಎರಡರಲ್ಲಿ ಯಾವುದೆಂದು ಹೇಳಲು ಲೋಕದಲ್ಲಿ ಒಬ್ಬಳಿದ್ದಳು, ಅವಳು ಫೋನಿನೊಳಗೆ ಇನ್ನೂ ಮಾತಾಡುತ್ತಲೇ ಇದ್ದಳು.

"ಸಾಕು ಬನ್ನಿ," ಎಂದಳು ಟೀಚರ್ ಮೆಲ್ಲಗೆ.

ಸಾಕಾಗಲಿಲ್ಲ. ಎರಡರಲ್ಲಿ ಒಂದು, ಅಪ್ಪ ಹೇಳಿದ್ದ. ಮೊಮ್ಮಗಳು ಚೀಲದಿಂದ ಕಾಗದ ತೆಗೆದು ಮಂಚದ ಮೇಲೆ ಹರಡಿ, ಅವಸರದಲ್ಲಿ ಎರಡು ಚಿತ್ರ ಬರೆದಳು. ಒಂದರಲ್ಲಿ ಮೆಟ್ಟಿಲು, ತೆರೆದ ಬಾಗಿಲು, ಅದಕ್ಕೆ ಆತುಕೊಂಡ ಹೆಂಗಸು. ಇನ್ನೊಂದರಲ್ಲಿ ಮೆಟ್ಟಿಲು, ಮುಚ್ಚಿದ ಬಾಗಿಲು, ದೊಡ್ಡದೊಂದು ಬೀಗ, ಕೆಳಗೆ ಓಡುತ್ತಿರುವ ಹೆಂಗಸು. ಸಣ್ಣ ಮಗುವಿಗೂ ತಿಳಿಯುವ ಹಾಗೆ. ಎರಡನ್ನೂ ಚಿಕ್ಕಕ್ಕನ ತೊಡೆಯ ಮೇಲಿಟ್ಟು, ಒಂದನ್ನು ಮುಟ್ಟಿ, ಇನ್ನೊಂದನ್ನು ಮುಟ್ಟಿ, ಪೆನ್ಸಿಲನ್ನು ಅವಳ ಕೈಯ ಹತ್ತಿರ ಹಿಡಿದಳು. ಗುರುತು ಹಾಕಿ. ಯಾವುದಾದರೂ ಸರಿ. ಎರಡೂ ಅಲ್ಲದಿದ್ದರೆ ಬೇರೆ ಬರೆಯಿರಿ.

ಚಿಕ್ಕಕ್ಕ ಎರಡನ್ನೂ ನೋಡಿದಳು. ಬಹಳ ಹೊತ್ತು ನೋಡಿದಳು. ಅಡುಗೆಮನೆಯಲ್ಲಿ ಸೊಸೆ ನಲ್ಲಿ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಳು. ಚಿಕ್ಕಕ್ಕನ ಬಲಗೈ ಮಡಿಲಿನಿಂದ ಎದ್ದಿತು.

ಆ ಕೈ ಪೆನ್ಸಿಲನ್ನು ತೆಗೆದುಕೊಳ್ಳಲಿಲ್ಲ. ಕಾಗದಗಳೆರಡನ್ನೂ ಒಂದರ ಮೇಲೊಂದು ಇಟ್ಟು, ಅಂಚು ಸರಿಮಾಡಿ, ಮೊಮ್ಮಗಳ ಚೀಲದೊಳಗೆ ಹಾಕಿತು. ಆಮೇಲೆ ಅಂಗೈಯನ್ನು ಅವಳ ಮುಖದ ಮುಂದೆ ನೆಟ್ಟಗೆ ನಿಲ್ಲಿಸಿ, ಅತ್ತ ಒಂದು ಸಲ, ಇತ್ತ ಒಂದು ಸಲ ಆಡಿಸಿತು. ಬೇಡ. ಅದಕ್ಕೆ ಅರ್ಥ ಹೇಳುವವರು ಯಾರೂ ಬೇಕಾಗಿರಲಿಲ್ಲ.

ಮೊಮ್ಮಗಳು ಪೆನ್ಸಿಲನ್ನು ಮತ್ತೆ ಮುಂದೆ ಹಿಡಿದಳು.

ಚಿಕ್ಕಕ್ಕ ಕಣ್ಣು ಮುಚ್ಚಿಕೊಂಡಳು.